ಟೇಪಿನ ಬಿಳಿ ಮಗ್ಗುಲು

ಆ ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನು ಪುಚೊಂಗ್‌ನ ನಮ್ಮ ಕಾಂಡೋ ಕಟ್ಟಡದ ಹಿಂದಿನ ಗೇಟಿನೊಳಗೆ, ಮಳೆಮರದ ಬುಡದಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ರಾತ್ರಿ ಮುಚ್ಚಿಕೊಂಡಿದ್ದ ಎಲೆಗಳು ಬಿಚ್ಚಿಕೊಳ್ಳುವ ಹೊತ್ತು. ದಿಟ್ಟಿಸಿದರೆ ಅದು ಕಾಣುವುದಿಲ್ಲ. ಬೇರೆಡೆ ನೋಡಿ ಮತ್ತೆ ತಿರುಗಿದರೆ ಆಕಾಶ ಒಂದಿಷ್ಟು ಕಡಿಮೆಯಾಗಿರುತ್ತದೆ.

ಮರದಡಿಯ ಬೆಂಚಿನಲ್ಲಿ ಮೂರನೇ ಮಹಡಿಯ ರಷ್ಯನ್ ಹಿರಿಯರು ಕುಳಿತಿದ್ದರು. ಒಂದು ಕಾಲಕ್ಕೆ ಅರಣ್ಯಶಾಸ್ತ್ರ ಕಲಿಸುತ್ತಿದ್ದವರು. ಕಡಿಯಬೇಕಾದ ಮರಗಳ ಪಟ್ಟಿ ತಿದ್ದಿ ಎಳೆಮರ ಕಡಿದನೆಂದು ಒಬ್ಬ ಗುತ್ತಿಗೆದಾರನ ಮೇಲೆ ಲೇಖನ ಬರೆದು ಕೆಲಸ ಕಳೆದುಕೊಂಡರು. ಆಮೇಲೆ ಬರೆಯುವುದೇ ಬದುಕಾಯಿತು: ಕಾಡು ಯಾರದು, ಅದಕ್ಕೆ ಬೆಲೆ ಕಟ್ಟಲು ಇವರು ಯಾರು ಎಂದು. ಆ ಬರಹಗಳೆಲ್ಲ ಪುಸ್ತಕವಾಗಿ ಸೋಮವಾರ ಮುದ್ರಣಕ್ಕೆ ಹೋಗಬೇಕಿತ್ತು. ಹಸ್ತಪ್ರತಿ ಅವರ ತೊಡೆಯ ಮೇಲಿತ್ತು. ಮೊದಲನೆಯದು ಅದೇ ಲೇಖನ.

ಆ ಪಟ್ಟಿ ಬರೆದವನು ನಾನು.

ನಾನು ಬೆಂಗಳೂರಿನಿಂದ ಈ ದೇಶಕ್ಕೆ ಬಂದದ್ದು ಮರಗಳ ದಾಖಲೆ ಇಡುವ ಸಾಫ್ಟ್‌ವೇರ್ ಮಾಡಲು. ಒಮ್ಮೆ ಅವರ ಜೊತೆ ಕಾಡಿಗೆ ಹೋದಾಗ ಅವರು ಟೇಪು ನನ್ನ ಕೈಗಿತ್ತು ಇಳಿಜಾರಿನ ಆಚೆ ಹೋದರು. ಮರ ಅಳೆಯುವ ಟೇಪಿಗೆ ಎರಡು ಮಗ್ಗುಲು. ಬಿಳಿಯದರಲ್ಲಿ ಸುತ್ತಳತೆ, ಹಳದಿಯದರಲ್ಲಿ ಅದೇ ಮರದ ವ್ಯಾಸ. ಮಂಜು ದಟ್ಟವಾಗಿತ್ತು, ನನ್ನ ಮೊಣಕೈ ನನಗೇ ದೂರದಲ್ಲಿದ್ದಂತೆ ಕಾಣುತ್ತಿತ್ತು. ಒದ್ದೆ ಟೇಪು ಯಾವಾಗ ಮಗುಚಿಕೊಂಡಿತೋ ಗೊತ್ತಿಲ್ಲ. ಮಧ್ಯಾಹ್ನದವರೆಗೂ ಬಿಳಿಯ ಮಗ್ಗುಲನ್ನೇ ಓದಿ ವ್ಯಾಸದ ಕಾಲಂ ತುಂಬಿಸಿದೆ. ಎಳೆಮರಗಳು ಕಾಗದದಲ್ಲಿ ಮೂರು ಪಟ್ಟು ದಪ್ಪಗಾಗಿ, ಕಡಿಯಬಹುದಾದ ಮರಗಳಾದವು. ಗುತ್ತಿಗೆದಾರ ಪಟ್ಟಿಯಂತೆ ಕಡಿದ. ಲೇಖನ ಓದಿದ ದಿನವೇ ನನಗೆ ಅರ್ಥವಾಯಿತು. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ.

ಗೇಟಿನಾಚೆ ಇಡ್ಲಿ ಗಾಡಿಯ ಮುಂದೆ ನನ್ನ ಹೆಂಡತಿ ನಿಂತಿದ್ದಳು. ಗಾಡಿಯ ತಮಿಳು ಅಕ್ಕ ಹೊಸೂರಿನವಳು, ಕನ್ನಡ ಬರುತ್ತಿತ್ತು.

"ನಾಲ್ಕು ಪ್ಲೇಟ್ ತಪಾವ್ ಮಾಡಕ್ಕ."

"ಕಟ್ತೀನಿ ತಾಯಿ. ನಿಮ್ಮ ಯಜಮಾನ್ರು ಯಾಕೆ, ಹೆಣ್ಣು ನೋಡೋಕೆ ಬಂದೋರ ಥರ ನಿಂತವ್ರೆ?"

"ಏನೋ ಹೇಳ್ಬೇಕಂತೆ ಅವರಿಗೆ. ಹನ್ನೊಂದು ವರ್ಷದಿಂದ ಗಂಟಲು ಸರಿಮಾಡ್ಕೋತಾ ಇದಾರೆ."

ನಾನು ಹಿರಿಯರಿಗೆ ಹೇಳಿದೆ. ಇಂಗ್ಲಿಷಿನಲ್ಲಿ, ನಾಲ್ಕೈದು ವಾಕ್ಯ. ಅವರು ಹಸ್ತಪ್ರತಿಯನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಜೇಬಿನಿಂದ ಟೇಪು ತೆಗೆದರು.

"ಅಳೆ."

ಎದೆಮಟ್ಟಕ್ಕೆ ಸುತ್ತಿದೆ. ತೊಗಟೆ ತಣ್ಣಗಿತ್ತು.

"ಎರಡೂ ಓದು."

"ಬಿಳಿ, ಇನ್ನೂರ ನಲವತ್ತು. ಹಳದಿ, ಎಪ್ಪತ್ತಾರು."

"ಗುತ್ತಿಗೆದಾರ ಏನು ಮಾಡಿದ್ದ?"

"ಏನೂ ಇಲ್ಲ ಸರ್. ಪಟ್ಟಿಯಲ್ಲಿದ್ದದ್ದನ್ನು ಕಡಿದ."

"ಪಟ್ಟಿಗೆ ಸಹಿ ನಂದು, ಲಾ," ಎಂದರು ಮೆಲ್ಲಗೆ, ಇಲ್ಲಿನ ಮಲಯರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ. "ಓದದೆ ಹಾಕಿದೆ. ಆಮೇಲೆ ಅವನನ್ನ ಕಳ್ಳ ಅಂದೆ."

ಅವರು ಹಸ್ತಪ್ರತಿಗೆ ಕಟ್ಟಿದ್ದ ದಾರ ಬಿಚ್ಚಿ ಮೊದಲ ಲೇಖನವನ್ನು ಹೊರಗೆಳೆದರು. ಹಾಳೆ ಮಗುಚಿ, ಬೆನ್ನಿನ ಮೇಲೆ ಗುತ್ತಿಗೆದಾರನ ಹೆಸರು ಬರೆದರು, ಅದರ ಕೆಳಗೆ ತಮ್ಮದು. ಪೆನ್ಸಿಲು ನಿಂತಿತು.

"ನಿಂದು?"

"ಬರೀರಿ," ಎಂದೆ. ಅವರು ಮೂರನೆಯದಾಗಿ ನನ್ನ ಹೆಸರು ಬರೆದರು.

ಪುಸ್ತಕ ಸೋಮವಾರ ಹೋಗಲಿಲ್ಲ. ನಾಲ್ಕು ತಿಂಗಳ ಮೇಲೆ ಬಂತು. ಮೊದಲ ಪುಟದಲ್ಲಿ ಆ ಮೂರು ಹೆಸರು, ಕೆಳಗೆ ನಡೆದದ್ದು ನಡೆದಂತೆ. ಗುತ್ತಿಗೆದಾರನಿಗೆ ಒಂದು ಪ್ರತಿ ಕಳಿಸಿದೆವು. ಉತ್ತರ ಬರಲಿಲ್ಲ. ಮರುವರ್ಷ ಹಿರಿಯರು ತೀರಿಕೊಂಡರು.

ಅಂದು ಬೆಳಿಗ್ಗೆ ಅಲ್ಲಿದ್ದು ಕಂಡವರು ಇನ್ನಿಬ್ಬರು: ನನ್ನ ಹೆಂಡತಿ, ಮತ್ತು ಈಗ ಬ್ರಿಕ್‌ಫೀಲ್ಡ್ಸ್‌ನಲ್ಲಿ ಗಾಡಿ ಇಟ್ಟಿರುವ ಹೊಸೂರಿನ ಅಕ್ಕ. ಇಬ್ಬರೂ ಇದ್ದಾರೆ, ಬೇಕಾದವರು ಕೇಳಬಹುದು.