ಪಿಸ್ತೂಲಿನ ಒರೆ ಹೊಲಿಯುತ್ತಿದ್ದ ಎದುರುಮನೆ ಕಾಕ

ಎದುರುಮನೆ ಕಾಕನ ಎರಡೂ ತೋರುಬೆರಳುಗಳಿಗೆ ಅಡ್ಡಲಾಗಿ ಒಂದೊಂದು ಗೀರು ಇತ್ತು. ಮೇಣ ಹಚ್ಚಿದ ದಾರವನ್ನು ವರ್ಷಾನುಗಟ್ಟಲೆ ಬಿಗಿದೆಳೆದು ಮಾಂಸಕ್ಕೇ ಇಳಿದಿದ್ದ ಗೀರು. ಉಗುರಿನ ಸಂದಿಯ ಕಪ್ಪುಬಣ್ಣ ಶುಕ್ರವಾರದ ಸ್ನಾನಕ್ಕೂ ಹೋಗುತ್ತಿರಲಿಲ್ಲ. ಕೈ ಕುಲುಕಿದರೆ ಚರ್ಮದ ವಾಸನೆ ನಮ್ಮ ಕೈಗೂ ಹತ್ತಿಕೊಳ್ಳುತ್ತಿತ್ತು.

ಕುವೈತಿನ ಹವಲ್ಲಿಯ ನಮ್ಮ ಹಳೇ ಕಟ್ಟಡದಲ್ಲಿ ಅವರದು ಒಂದೇ ಕೋಣೆ. ಹೆಂಡತಿ, ಮಗಳು ಬಂಟ್ವಾಳದ ಕಡೆ, ಊರಲ್ಲಿ. ಹಗಲು ಸಮವಸ್ತ್ರ ಮಾರುವ ಅಂಗಡಿಯಲ್ಲಿ ಕೆಲಸ; ಸಂಜೆ ಮನೆಗೆ ಬಂದು ಅದೇ ಅಂಗಡಿಗಾಗಿ ಪಿಸ್ತೂಲಿನ ಒರೆ ಹೊಲಿಯುತ್ತಿದ್ದರು. ಸಾದಾ ಬಟ್ಟೆಯಲ್ಲಿ ಓಡಾಡುವ ಪೊಲೀಸರು ಅಂಗಿಯಡಿ ಅಡಗಿಸಿ ಸೊಂಟಕ್ಕೆ ಕಟ್ಟಿಕೊಳ್ಳುವಂಥವು. ಅಂಗಡಿಯವರು ಕೊಟ್ಟ ನೀಲಿ ಪ್ಲಾಸ್ಟಿಕ್ ಪಿಸ್ತೂಲೊಂದಿತ್ತು. ನೆನೆಸಿದ ಚರ್ಮವನ್ನು ಅದರ ಮೇಲೆ ಹೊದಿಸಿ, ನುಣುಪಾದ ಎಲುಬಿನ ತುಂಡಿನಿಂದ ಉಜ್ಜಿ ಉಜ್ಜಿ ಆಕಾರ ತರುತ್ತಿದ್ದರು. ಒಣಗಿದ ಮೇಲೆ ತಾವೇ ಕಟ್ಟಿಕೊಂಡು ಬಗ್ಗುವುದು, ಮೆಟ್ಟಿಲು ಹತ್ತುವುದು, ಸೋಫಾದಲ್ಲಿ ಕೂತು ಏಳುವುದು. ನಿಜವಾದ ಪಿಸ್ತೂಲನ್ನು ಮುಟ್ಟಿದವರೇ ಅಲ್ಲ.

“ಅದು ನಮಗೆಂತಕ್ಕೆ ಮಾರಾಯ್ರೆ? ನಮ್ಮ ಕೆಲಸ ಇಷ್ಟೇ. ಹೊರಗಿನವನಿಗೆ ಕಾಣಬಾರದು, ಕಟ್ಟಿಕೊಂಡವನಿಗೆ ನೋಯಬಾರದು.”

ನನ್ನ ಮಗಳಿಗೆ ಆರನೇ ಕ್ಲಾಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ಸೊಂಟಕ್ಕೊಂದು ಇನ್ಸುಲಿನ್ ಪಂಪು ಬಂತು. ಯೂನಿಫಾರ್ಮಿನಡಿ ಅದು ಉಬ್ಬಿ ಕಾಣುತ್ತದೆಂದು ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಗದರಿಸಿ ನೋಡಿದಳು, ನಾನು ಪುಸಲಾಯಿಸಿ ನೋಡಿದೆ. ಒಂದು ಬೆಳಿಗ್ಗೆ ಅಳು ಕೇಳಿ ಕಾಕ ಬಾಗಿಲು ತಟ್ಟಿದರು.

“ಎಂತ ಮಗು, ಶಾಲೆ ಇಲ್ವಾ?”

“ಎವ್ರಿವನ್ ಕ್ಯಾನ್ ಸೀ ಇಟ್, ಕಾಕ!”

ಕಾಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವಳ ಕೈ ಸೊಂಟ ಮುಚ್ಚಿಕೊಂಡದ್ದನ್ನು ನೋಡಿಯೇ ಅರ್ಥ ಮಾಡಿಕೊಂಡರು. “ಓ, ಇದಾ? ಒಂದು ಸಾಬೂನಿನಷ್ಟು ಇಲ್ಲ ಇದು. ಇದನ್ನು ಅಡಗಿಸ್ಲಿಕ್ಕೆ ಆಗದಿದ್ರೆ ನಾನ್ಯಾಕೆ ಇರುವುದು?”

ಆಡಿನ ತೆಳುಚರ್ಮ ಹುಡುಕಿ ತಂದರು. ಸಾಬೂನೊಂದನ್ನು ಪಂಪಿನ ಅಳತೆಗೆ ಕೆತ್ತಿ, ಹೊಸ ಒರೆಯಲ್ಲಿಟ್ಟು, ತಮ್ಮ ಸೊಂಟಕ್ಕೇ ಕಟ್ಟಿಕೊಂಡು ಅಂಗಡಿಗೆ ಹೋದರು. ಬಗ್ಗಿದಾಗ ಪಕ್ಕೆಗೆ ಒತ್ತುತ್ತದೆಂದು ಬಂದು ಬಿಚ್ಚಿದರು, ಮತ್ತೆ ಹೊಲಿದರು. ಕೊನೆಗೆ ಅದನ್ನು ಕಟ್ಟಿ, ಮೇಲೆ ಯೂನಿಫಾರ್ಮ್ ಹಾಕಿ ಕನ್ನಡಿಯ ಮುಂದೆ ತಿರುಗಿದ ಮಗಳು “ಕಾಕ, ಇಟ್ಸ್ ಗಾನ್!” ಎಂದು ಕೂಗಿದಳು. ಮರುದಿನ ಶಾಲೆಗೆ ಹೋದಳು. ಅವಳು ಬೆಳೆದಂತೆಲ್ಲ ಕೇಳದೆಯೇ ಹೊಸ ಒರೆ ಬರುತ್ತಿತ್ತು.

ಅವಳು ಹನ್ನೆರಡನೇ ಕ್ಲಾಸಿಗೆ ಬಂದ ವರ್ಷ, ಕಾಕನ ಕಣ್ಣು ಹಳದಿಯಾದದ್ದನ್ನು ನನ್ನ ಹೆಂಡತಿಯೇ ಮೊದಲು ಗಮನಿಸಿದಳು. ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಕ್ಯಾನ್ಸರ್ ಆಗಲೇ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಊರಲ್ಲಿ ಅವರ ಮಗಳ ಮದುವೆ ಗೊತ್ತಾಗಿತ್ತು. ಕೂಡಲೇ ಊರಿಗೆ ಹೋಗಿ ಎಂದು ನಾವಿಬ್ಬರೂ ಒತ್ತಾಯಿಸಿದೆವು.

“ಹೀಗೆ ಹೋದ್ರೆ ಖಲಾಸ್. ನನ್ನ ಮುಖ ನೋಡಿ ಯಾರು ಬಿರಿಯಾನಿ ತಿಂತಾರೆ? ನಿಕಾಹ್ ಮುಗೀಲಿ, ಮತ್ತೆ ನಾನೇ ಹೇಳ್ತೇನೆ.”

ವೀಸಾ ಕೊಟ್ಟ ಕಫೀಲ್, ಅಂದರೆ ಮಾಲೀಕ, ರಜೆ ಕೊಡಲಿಲ್ಲವೆಂದು ಮನೆಗೆ ತಿಳಿಸಿ, ಮಗಳ ನಿಕಾಹ್ ಮಾಡಿಕೊಡುವ ಹೊಣೆಯನ್ನು ತಮ್ಮನಿಗೆ ಒಪ್ಪಿಸಿದರು. ನಿಕಾಹ್ ದಿನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆವು. ಮೈ ತುಂಬಿ ಕಾಣಲೆಂದು ನನ್ನ ಮಗಳು ಅಂಗಿಯ ಮೇಲೊಂದು ಅಂಗಿ ತೊಡಿಸಿದಳು. ಫೋನಿನಲ್ಲಿ ಮದುಮಗಳು ಕಂಡಾಗಿನಿಂದ ಕೊನೆವರೆಗೂ ಕಾಕ ನಗುತ್ತಲೇ ಇದ್ದರು. ಕರೆ ಮುಗಿದದ್ದೇ ಗೋಡೆಯತ್ತ ತಿರುಗಿದರು.

“ಅವಳ ತಲೆ ಮೇಲೆ ಒಮ್ಮೆ ಕೈ ಇಡ್ಲಿಕ್ಕೆ ಆಗ್ಲಿಲ್ಲ ನೋಡಿ” ಎಂದು ಜೋರಾಗಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಮಗಳು ಮಂಚದ ಪಕ್ಕ ಮೊಣಕಾಲೂರಿ, ಆ ಕೈಯನ್ನೆತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಮನೆಗೆ ಹೇಳುತ್ತೇನೆಂದವರು ಇವತ್ತು ನಾಳೆ ಎನ್ನುತ್ತಲೇ ಉಳಿದರು. ಮದುಮಗಳು ಇನ್ನೂ ಗಂಡನ ಮನೆಯ ಔತಣಗಳಲ್ಲಿದ್ದಳು. ಆಸ್ಪತ್ರೆಯಲ್ಲಿ ಒಂದು ಸಂಜೆ ಅವರ ಉಸಿರು ನಿಂತಿತು. ಅವರ ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ನಾನೇ ಹೇಳಬೇಕಾಯಿತು.

“ಸುಳ್ಳು ಹೇಳ್ಬೇಡಿ ಅಣ್ಣ, ಮೊನ್ನೆ ನಗ್ತಾ ಇದ್ರಲ್ಲ!” ಎಂದರು ಆಕೆ. ಆಮೇಲೆ, “ಒಬ್ಬರೇ ಇದ್ರಾ?”

“ಇಲ್ಲ. ನನ್ನ ಮಗಳು ಕೈ ಹಿಡ್ಕೊಂಡು ಕೂತಿದ್ಳು.”

“ಅವಳಿಗೆ ಫೋನ್ ಕೊಡಿ.”

ಕೊಟ್ಟೆ. ಆ ಕಡೆ ಆಕೆ ಕನ್ನಡ ಬಿಟ್ಟು ತಮ್ಮ ಬ್ಯಾರಿ ಭಾಷೆಯಲ್ಲಿ ಏನೇನೋ ಕೇಳುತ್ತಿದ್ದರು, ಈ ಕಡೆ ನನ್ನ ಮಗಳು ಇಂಗ್ಲಿಷಿನಲ್ಲಿ ಬಿಕ್ಕುತ್ತ ಏನೇನೋ ಹೇಳುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರೂ ಫೋನ್ ಇಡಲಿಲ್ಲ.