ಮುಟ್ಟದ ಮರದ ತುಂಡುಗಳು

ಮಕ್ಕಳ ಬುದ್ಧಿ ಅಳೆಯುವ ಮನಶ್ಶಾಸ್ತ್ರಜ್ಞರ ಕೋಣೆ ವಿಜಯಪುರದ ದವಾಖಾನೆಯೊಂದರ ಮೂಲೆಯಲ್ಲಿತ್ತು. ಅವರ ಪಕ್ಕದ ಮೇಜಿನಲ್ಲಿ ನಾನು ಬುದ್ಧಿಮಟ್ಟದ ಸರ್ಟಿಫಿಕೇಟ್ ಬರೆಯುತ್ತಿದ್ದೆ. ಮಗುವಿನ ಮುಂದೆ ಬಣ್ಣದ ಮರದ ತುಂಡುಗಳನ್ನಿಟ್ಟು, ಅಂಗಿಯ ತೋಳಿನಿಂದ ಸ್ಟಾಪ್‌ವಾಚಿನ ಗಾಜು ಒರೆಸುತ್ತ, ಹೆತ್ತವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಈ ಗಡಿಯಾರ ಯಾರ ಮಕ್ಕಳು, ಯಾವ ಊರು ಅಂತ ಕೇಳಂಗಿಲ್ರಿ."

ತರಗತಿಯಲ್ಲಿ ಬಾಯೇ ಬಿಡುವುದಿಲ್ಲವೆಂದು ಶಾಲೆಯವರು ಕಳಿಸಿದ ಏಳು ವರ್ಷದ ಹುಡುಗಿಯೊಬ್ಬಳು ಟಿಕೋಟಾದಿಂದ ಬಂದಳು. ಚಿತ್ರದಲ್ಲಿದ್ದಂತೆ ತುಂಡುಗಳನ್ನು ಜೋಡಿಸು ಎಂದರು. ಅವಳು ಕೈಕಟ್ಟಿ ಕುಳಿತೇ ಇದ್ದಳು. ಸಮಯ ಮುಗಿಯಿತು. ಅವರು ಬುದ್ಧಿ ತೀರಾ ಕಡಿಮೆ ಎನ್ನುವ ಅಂಕಿ ಹೇಳಿದರು, ನಾನು ಬರೆದೆ, ಅವರು ಸಹಿ ಹಾಕಿದರು.

ಹೊರಡುವಾಗ ಅವಳ ತಾಯಿ ಹೆಮ್ಮೆಯಿಂದ ಹೇಳಿದಳು: "ದವಾಖಾನ್ಯಾಗ ಯಾವ ಸಾಮಾನೂ ಮುಟ್ಟಬ್ಯಾಡ ಅಂತ ಮನ್ಯಾಗ ಹೇಳಿದ್ನಿರಿ ಸರ. ಒಂದಕ್ಕೂ ಕೈ ಹಚ್ಚಲಿಲ್ಲ ನೋಡ್ರಿ, ಭಾಳ ಶಾಣ್ಯಾ ಅದಾಳ."

ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ಹೊರಗೆ ಸರದಿ ಉದ್ದವಿತ್ತು. "ಮುಂದಿನವ್ರು ಬರ್ರಿ" ಎಂದರು ಅವರು. ನಾನು ಸರ್ಟಿಫಿಕೇಟನ್ನು ತಾಯಿಯ ಕೈಗೆ ಕೊಟ್ಟೆ.

ಐದು ವರ್ಷದ ನಂತರ ಸರ್ಟಿಫಿಕೇಟ್ ಹೊಸದು ಮಾಡಿಸಲು ಅವಳು ಮತ್ತೆ ಬಂದಳು. ಆ ದಿನ ಅವರು ಸ್ಟಾಪ್‌ವಾಚನ್ನು ಮೇಜಿನ ಡ್ರಾಯರಿನೊಳಗೆ ಹಾಕಿಬಿಟ್ಟರು. "ಮುಟ್ಟವ್ವಾ, ಎಷ್ಟ್ ಹೊತ್ತು ಬೇಕೋ ತಗೋ."

ಅವಳು ಒಂದು ತುಂಡು ಎತ್ತಿ, ತಿರುವಿ ನೋಡಿ, ಎಲ್ಲಿಡಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದಳು.

"ಆ ಕಾಗದ ನೋಡಿದ ಮ್ಯಾಲ ಸಾಲ್ಯಾಗ ಇಕೀಗೆ ಏನೂ ಕಲಸಂಗಿಲ್ರಿ," ಎಂದಳು ತಾಯಿ. "ಹುಟ್ಟಿದಾಗಿಂದ ಹಿಂಗ ಅದಾಳ ಅಂತಾರ್ರಿ."

ಅವರು ಬಹಳ ಹೊತ್ತು ಕಾದು, ನನಗೆ ಅಂಕಿ ಹೇಳಿದರು. ಅದೇ ಹಳೆಯ ಅಂಕಿ. ಈ ಸಲ ಅದು ಸರಿಯಾಗಿತ್ತು.