ಪುಟ್ಟಿ ಮೆತ್ತದವನು

ನಮ್ಮ ಬೀದಿಯವರೆಲ್ಲ ‘ತಗಡು ಡಾಕ್ಟರ್’ ಎನ್ನುತ್ತಿದ್ದ ನನ್ನ ಗೆಳೆಯನಿಗೆ ಇದ್ದದ್ದು ಒಂದೇ ರೋಗಿ, ಮನೆಯ ಗ್ಯಾರೇಜಿನಲ್ಲಿ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ತುಕ್ಕು ಹಿಡಿದಲ್ಲಿ ಕತ್ತರಿಸಿ ಹೊಸ ತಗಡು ಬೆಸೆಯುತ್ತಿದ್ದ, ತಗ್ಗನ್ನು ಸುತ್ತಿಗೆಯಿಂದಲೇ ತಟ್ಟಿ ಎಬ್ಬಿಸುತ್ತಿದ್ದ. ತಗ್ಗಿಗೆ ಪುಟ್ಟಿಯ ಲೇಪ ಮೆತ್ತಿ ಮುಚ್ಚುವವರನ್ನು ಕಂಡರೆ ಅವನಿಗಾಗದು. ಫ್ರಿಜ್ಜಿನ ಬಾಗಿಲ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಬೀಗರ ಕಾರಿಗೂ ಅಂಟಿಸಿ ನೋಡುವನು. ತಗಡಿಗೆ ಅಂಟುವ ಅದು ಪುಟ್ಟಿಗೆ ಅಂಟದು; ಜಾರಿ ಬಿದ್ದರೆ, “ಬರೀ ಮೇಕಪ್ಪು ಬೀಗರೇ, ಒಳಗೆಲ್ಲ ಪುಟ್ಟಿ!” ಎನ್ನುವನು. “ನಮ್ಮ ಮಾನ ಕಳೀತೀರಲ್ಲಾ” ಎಂದು ಹೆಂಡತಿ ತಲೆ ಚಚ್ಚಿಕೊಳ್ಳುವಳು. ಅವನನ್ನು ಮಣ್ಣು ಮಾಡಿ ಬಂದ ದಿನ ಅವಳ ತಮ್ಮ, “ಭಾವನ ಕಾರಲ್ಲೂ ಅರ್ಧ ಪುಟ್ಟೀನೇ ಇರತ್ತೆ, ಬಿಡಕ್ಕಾ” ಎಂದ. ಅವಳು ಎದ್ದು ಹೋಗಿ, ಬಂದವರೆಲ್ಲರ ಎದುರು ಅದೇ ಅಯಸ್ಕಾಂತವನ್ನು ಕಾರಿನ ಮೂತಿಯಿಂದ ಬಾಲದವರೆಗೂ ಇಂಚಿಂಚು ಸರಿಸಿದಳು. ಎಲ್ಲಿಯೂ ಜಾರಲಿಲ್ಲ. “ಯಾರ ಕೈಕೆಲಸ ಅಂದ್ಕೊಂಡೆ?” ಎಂದಳು.